ಗಾಳಿಯಲ್ಲಿ ಅಡಗಿ ಕೂತಿದ್ದ ಸೋಮಾರಿ

ಶಾಲೆಯಲ್ಲಿ ಒಂದು ಚಾರ್ಟ್ ಬರೆಸುತ್ತಾರೆ, ನೆನಪಿದೆಯಾ? ಮೇಲೆ ‘ದ್ರವ್ಯ’. ಅದರ ಕೆಳಗೆ ಎರಡು ಕೊಂಬೆ: ಒಂದು ಕಡೆ ಶುದ್ಧ ವಸ್ತು, ಇನ್ನೊಂದು ಕಡೆ ಮಿಶ್ರಣ. ಶುದ್ಧ ವಸ್ತುವಿನ ಕೆಳಗೆ ಧಾತು, ಸಂಯುಕ್ತ. ಬಾಯಿಪಾಠ ಮಾಡುತ್ತೇವೆ, ಪರೀಕ್ಷೆಯಲ್ಲಿ ಬರೆಯುತ್ತೇವೆ, ಮರೆತುಬಿಡುತ್ತೇವೆ. ಚಾರ್ಟ್ ತಪ್ಪೇನಲ್ಲ. ಆದರೆ ಮುಖ್ಯವಾದ ಪ್ರಶ್ನೆಯೇ ಅದರಲ್ಲಿಲ್ಲ. ಎದುರಿಗಿರುವ ವಸ್ತು ಯಾವ ಕೊಂಬೆಯದ್ದು ಅಂತ ಗೊತ್ತಾಗುವುದಾದರೂ ಹೇಗೆ?

ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ. ಒಂದು ಲೋಟದಲ್ಲಿ ನೀರು, ಇನ್ನೊಂದರಲ್ಲಿ ಉಪ್ಪು ಕರಗಿಸಿದ ನೀರು ಇಟ್ಟರೆ ಕಣ್ಣಿಗೆ ಎರಡೂ ಒಂದೇ. ನೀರನ್ನು ಜನ ಶತಮಾನಗಟ್ಟಲೆ ಧಾತು ಅಂತಲೇ ನಂಬಿದ್ದರು. ಅದು ಜಲಜನಕ, ಆಮ್ಲಜನಕ ಸೇರಿ ಆದ ಸಂಯುಕ್ತ ಅಂತ ತಿಳಿದದ್ದು 1780ರ ದಶಕದಲ್ಲಿ. ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ 1789ರಲ್ಲಿ ಧಾತುಗಳ ಪಟ್ಟಿ ಪ್ರಕಟಿಸಿದಾಗ ಅದರಲ್ಲಿ ಬೆಳಕು ಮತ್ತು ಶಾಖ ಕೂಡ ಸೇರಿದ್ದವು! ಅವನಂಥವನಿಗೇ ಹಾಗಾದರೆ ನಮ್ಮ ಕಣ್ಣನ್ನು ನಂಬುವುದುಂಟೇ.

ಹಾಗಾಗಿ ವಸ್ತುವನ್ನೇ ಕೂರಿಸಿಕೊಂಡು ವಿಚಾರಿಸಬೇಕು. ಎಷ್ಟು ಡಿಗ್ರಿಗೆ ಕರಗುತ್ತೀಯ, ಎಷ್ಟಕ್ಕೆ ಕುದಿಯುತ್ತೀಯ, ವಿದ್ಯುತ್ತನ್ನು ಹರಿಯಲು ಬಿಡುತ್ತೀಯಾ, ನಿನ್ನ ಸಾಂದ್ರತೆ ಎಷ್ಟು? ಇವೇ ಭೌತಿಕ ಗುಣಗಳು. ಕರಗಲಿ, ಕುದಿಯಲಿ, ವಸ್ತು ಅದೇ ವಸ್ತುವಾಗಿ ಉಳಿದಿರುತ್ತದೆ. ಆದರೆ ಎಲ್ಲ ಗುಣವೂ ಗುರುತಿಗೆ ಬರುವುದಿಲ್ಲ. ಒಂದು ಗಟ್ಟಿಯನ್ನು ಎರಡು ತುಂಡು ಮಾಡಿದರೆ ತೂಕ ಅರ್ಧವಾಗುತ್ತದೆ, ಗಾತ್ರವೂ ಅರ್ಧವಾಗುತ್ತದೆ. ಅವು ‘ಎಷ್ಟಿದೆ’ ಅಂತ ಹೇಳುತ್ತವೆ, ‘ಏನಿದೆ’ ಅಂತ ಹೇಳುವುದಿಲ್ಲ. ತೂಕವನ್ನು ಗಾತ್ರದಿಂದ ಭಾಗಿಸಿದಾಗ ಬರುವ ಸಾಂದ್ರತೆ ಮಾತ್ರ ಎಷ್ಟು ತುಂಡು ಮಾಡಿದರೂ ಜಗ್ಗುವುದಿಲ್ಲ. ಚಿನ್ನವಾದರೆ ಘನ ಸೆಂಟಿಮೀಟರಿಗೆ 19.3 ಗ್ರಾಂ, ಚಿಕ್ಕ ಚೂರಾದರೂ ಅಷ್ಟೇ, ದೊಡ್ಡ ಗಟ್ಟಿಯಾದರೂ ಅಷ್ಟೇ. ಹೊಳಪಿನಿಂದ ಚಿನ್ನದಂತೆ ಮೋಸ ಮಾಡುವ ಪೈರೈಟ್ ಖನಿಜದ್ದು ಸುಮಾರು 5. ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ.

ಶುದ್ಧವೋ ಮಿಶ್ರಣವೋ ಅಂತ ತಿಳಿಯಲು ಹಳೆಯ ದಾರಿ ಕುದಿಸಿ ನೋಡುವುದು. ಸಮುದ್ರಮಟ್ಟದಲ್ಲಿ ಶುದ್ಧ ನೀರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ, ಕೆಳಗೆ ಎಷ್ಟೇ ಉರಿ ಜಾಸ್ತಿ ಮಾಡಿದರೂ, ನೀರಿನಲ್ಲಿಟ್ಟ ಥರ್ಮಾಮೀಟರ್ ಮೇಲೇರುವುದಿಲ್ಲ, ಯಾಕೆಂದರೆ ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತಿರುತ್ತದೆ. ಉಪ್ಪುನೀರು ಹಾಗಲ್ಲ. 100ಕ್ಕಿಂತ ಸ್ವಲ್ಪ ಮೇಲೆ ಕುದಿಯಲು ಶುರುವಾಗಿ, ನೀರು ಇಂಗುತ್ತ ಹೋದಂತೆ ಇನ್ನಷ್ಟು ಮೇಲೇರುತ್ತದೆ. ನಿಂತ ಅಂಕಿ ಶುದ್ಧ, ಓಡುವ ಅಂಕಿ ಮಿಶ್ರಣ. ಸುಲಭ, ಅಲ್ವಾ?

ಅಷ್ಟು ಸುಲಭವಿಲ್ಲ. ತೂಕದಲ್ಲಿ 95.6 ಶೇಕಡ ಎಥನಾಲ್, ಉಳಿದದ್ದು ನೀರು ಇರುವ ದ್ರವ ಒಂದಿದೆ. ಅದು 78.2 ಡಿಗ್ರಿಯಲ್ಲಿ ಶುದ್ಧ ವಸ್ತುವಿನ ಹಾಗೆಯೇ ನಿಂತು ಕುದಿಯುತ್ತದೆ. ಮೇಲೇಳುವ ಆವಿಯಲ್ಲೂ ಅದೇ ಪ್ರಮಾಣ, ಹಾಗಾಗಿ ಸಾಧಾರಣ ಬಟ್ಟಿ ಇಳಿಸುವಿಕೆಯಿಂದ ಅದನ್ನು ಇನ್ನಷ್ಟು ಶುದ್ಧ ಮಾಡಲಾಗುವುದಿಲ್ಲ. ಬೆಸುಗೆಗೆ ಬಳಸುವ ತವರ-ಸೀಸದ ಮಿಶ್ರಲೋಹದಲ್ಲೂ ಇಂಥದ್ದೇ ಆಟ. ತವರ ಕರಗುವುದು 232 ಡಿಗ್ರಿಗೆ, ಸೀಸ 327ಕ್ಕೆ. 63 ಪಾಲು ತವರ, 37 ಪಾಲು ಸೀಸ ಬೆರೆಸಿದರೆ ಎರಡಕ್ಕಿಂತಲೂ ಕೆಳಗೆ, ಸರಿಯಾಗಿ 183ಕ್ಕೆ ಕರಗುತ್ತದೆ.

ಸಾಂದ್ರತೆಯನ್ನೂ ಏಮಾರಿಸಬಹುದು. ಟಂಗ್‌ಸ್ಟನ್ ಲೋಹದ ಸಾಂದ್ರತೆ ಹೆಚ್ಚುಕಮ್ಮಿ ಚಿನ್ನದಷ್ಟೇ, 19.25. ಒಳಗೆ ಟಂಗ್‌ಸ್ಟನ್ ತುಂಬಿ ಹೊರಗೆ ಚಿನ್ನ ಹೊದಿಸಿದ ಗಟ್ಟಿಯನ್ನು ನೀರಲ್ಲಿ ಮುಳುಗಿಸಿ ತೂಗಿದರೂ ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ಆದರೆ ಅದರೊಳಗೆ ಶಬ್ದ ಕಳಿಸಿ ನೋಡಿ. ಚಿನ್ನದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 3,200 ಮೀಟರ್ ಹೋದರೆ ಟಂಗ್‌ಸ್ಟನ್‌ನಲ್ಲಿ 5,000ಕ್ಕೂ ಹೆಚ್ಚು. ಒಂದು ಪ್ರಶ್ನೆಗೆ ಸುಳ್ಳು ಹೇಳಿ ಪಾರಾದ ವಸ್ತು ಇನ್ನೊಂದಕ್ಕೆ ತಡವರಿಸುತ್ತದೆ.

ಈ ವಿಚಾರಣೆಯ ಕಥೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಸಾರಜನಕದ್ದು. ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ ಅನಿಲಗಳ ಸಾಂದ್ರತೆಯನ್ನು ಭಾರಿ ನಿಖರವಾಗಿ ಅಳೆಯುತ್ತಿದ್ದ. ಬೇಸರದ ಕೆಲಸ. ದೊಡ್ಡ ಗಾಜಿನ ಬುರುಡೆಯ ಗಾಳಿ ತೆಗೆದು ತೂಗಬೇಕು, ಅನಿಲ ತುಂಬಿ ಮತ್ತೆ ತೂಗಬೇಕು, ಮತ್ತೆ ಮತ್ತೆ ಅದನ್ನೇ ಮಾಡಬೇಕು. ಸಾರಜನಕವನ್ನು ಅವನು ಎರಡು ದಾರಿಯಲ್ಲಿ ತಯಾರಿಸಿದ. ಗಾಳಿಯಿಂದ ಆಮ್ಲಜನಕ ತೆಗೆದು ಉಳಿಸಿಕೊಂಡದ್ದು ಒಂದು. ಅಮೋನಿಯಾ ಒಡೆದು ಪಡೆದದ್ದು ಇನ್ನೊಂದು. ಬುರುಡೆಯಲ್ಲಿ ಗಾಳಿಯ ಸಾರಜನಕ ಸುಮಾರು 2.31 ಗ್ರಾಂ ತೂಗಿದರೆ, ಅಮೋನಿಯಾದ್ದು 2.30. ವ್ಯತ್ಯಾಸ ಬರೀ ಅರ್ಧ ಶೇಕಡ.

ನಾವಾಗಿದ್ದರೆ ಏನು ಮಾಡುತ್ತಿದ್ದೆವು? ತಕ್ಕಡಿ ಸರಿಯಿಲ್ಲ ಅಂತ ಸರಾಸರಿ ತೆಗೆದು ಮುಂದೆ ಹೋಗುತ್ತಿದ್ದೆವು. ರ‍್ಯಾಲೆ ಹೋಗಲಿಲ್ಲ. ಶುರುವಿನಲ್ಲಿ, ಅಮೋನಿಯಾದ ಸಾರಜನಕದ ಜೊತೆ ಗಾಳಿಯದ್ದೂ ಸೇರಿಕೊಳ್ಳುತ್ತಿದ್ದಾಗ, ವ್ಯತ್ಯಾಸ ಸಾವಿರದಲ್ಲಿ ಒಂದು ಪಾಲಿನಷ್ಟೇ ಇತ್ತು. ಅದನ್ನು ಮುಚ್ಚುವ ಬದಲು, ಸಾರಜನಕವೆಲ್ಲ ಅಮೋನಿಯಾದಿಂದಲೇ ಬರುವಂತೆ ಪ್ರಯೋಗ ಬದಲಿಸಿ ಅದನ್ನು ಇನ್ನಷ್ಟು ದೊಡ್ಡದು ಮಾಡಿದ. 1892ರಲ್ಲಿ ‘ನೇಚರ್’ ಪತ್ರಿಕೆಗೆ ಪತ್ರ ಬರೆದು, ಇದಕ್ಕೆ ಕಾರಣ ಯಾರಿಗಾದರೂ ಹೊಳೆಯುತ್ತದೆಯೇ ಅಂತ ಕೇಳಿದ.

ಆಮೇಲೆ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಜೊತೆಯಾದ. ಗಾಳಿಯಿಂದ ತೆಗೆದ ಸಾರಜನಕವನ್ನು ಅವನು ಕಾದ ಮೆಗ್ನೀಸಿಯಮ್ ಮೇಲೆ ಹಾಯಿಸಿದ. ಮೆಗ್ನೀಸಿಯಮ್ ಸಾರಜನಕವನ್ನು ಹೀರಿಕೊಳ್ಳುತ್ತದೆ. ಸುತ್ತಿ ಸುತ್ತಿ ಹಾಯಿಸಿದ ಮೇಲೂ ಸ್ವಲ್ಪ ಅನಿಲ ಉಳಿದುಬಿಟ್ಟಿತು. ಅದರ ಬೆಳಕಿನ ರೋಹಿತ, ಅಂದರೆ ಆ ಬೆಳಕನ್ನು ಬಿಡಿಸಿದಾಗ ಕಾಣುವ ಬಣ್ಣದ ಗೆರೆಗಳು, ಗೊತ್ತಿದ್ದ ಯಾವ ಧಾತುವಿನದಕ್ಕೂ ಹೊಂದಲಿಲ್ಲ. 1894ರಲ್ಲಿ ಇಬ್ಬರೂ ಹೊಸ ಅನಿಲವನ್ನು ಘೋಷಿಸಿದರು. ಯಾವುದರ ಜೊತೆಗೂ ರಾಸಾಯನಿಕವಾಗಿ ಕೂಡಿಕೊಳ್ಳದ ಅದಕ್ಕೆ ಆರ್ಗಾನ್ ಅಂತ ಹೆಸರಿಟ್ಟರು, ಗ್ರೀಕಿನಲ್ಲಿ ಸೋಮಾರಿ ಅಂತ ಅರ್ಥ. ಲೀಟರಿಗೆ ಸಾರಜನಕ 1.25 ಗ್ರಾಂ ಇದ್ದರೆ ಆರ್ಗಾನ್ 1.78. ಗಾಳಿಯ ಸಾರಜನಕ ಯಾಕೆ ಜಾಸ್ತಿ ತೂಗಿತು ಅಂತ ಈಗ ಅರ್ಥವಾಯಿತಲ್ಲ. ಶುದ್ಧ ಅಂತ ಹೆಸರು ಹೊತ್ತು ಕೂತಿದ್ದದ್ದು ಮಿಶ್ರಣವಾಗಿತ್ತು. 1904ರಲ್ಲಿ ರ‍್ಯಾಲೆಗೆ ಭೌತವಿಜ್ಞಾನದ, ರಾಮ್ಸೆಗೆ ರಸಾಯನ ವಿಜ್ಞಾನದ ನೊಬೆಲ್ ಬಂತು.

ತಮಾಷೆ ಏನೆಂದರೆ, ಈ ಸೋಮಾರಿ ಅದಕ್ಕೂ ಮುಂಚೆ ಒಬ್ಬನ ಕೈಗೆ ಸಿಕ್ಕಿತ್ತು. 1785ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹೆನ್ರಿ ಕ್ಯಾವೆಂಡಿಶ್ ಗಾಳಿಗೆ ಆಮ್ಲಜನಕ ಬೆರೆಸಿ, ವಿದ್ಯುತ್ ಕಿಡಿ ಹಾರಿಸಿ ಹಾರಿಸಿ ಸಾರಜನಕವನ್ನೆಲ್ಲ ತೆಗೆಯಲು ನೋಡಿದ್ದ. ಎಷ್ಟು ಮಾಡಿದರೂ ಕೊನೆಗೆ ಚಿಕ್ಕದೊಂದು ಗುಳ್ಳೆ ಉಳಿಯುತ್ತಿತ್ತು. ಸಾರಜನಕದಲ್ಲಿ ಬೇರೇನಾದರೂ ಸೇರಿದ್ದರೆ ಅದು 120ರಲ್ಲಿ ಒಂದು ಪಾಲಿಗಿಂತ ಹೆಚ್ಚಿರಲಾರದು ಅಂತ ಬರೆದಿಟ್ಟು ಸುಮ್ಮನಾದ. ನೂರಕ್ಕೂ ಹೆಚ್ಚು ವರ್ಷ ಆ ಗುಳ್ಳೆಯ ಬೆನ್ನು ಹತ್ತಿ ಯಾರೂ ಹೋಗಲಿಲ್ಲ.