ಹೆಸರಿಲ್ಲದ ಹಳೆಯ ಗಿಟಾರ್ ಗಿಬ್ಸನ್ ಆಗಿರಬಹುದೇ?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಮಗ ಗ್ಯಾರೇಜ್ ಸೇಲ್‌ನಲ್ಲಿ ಹಳೆಯ ಅಕೌಸ್ಟಿಕ್ ಗಿಟಾರ್ ಒಂದನ್ನು ಕೊಂಡಿದ್ದಾನೆ. ಅದರ ಮೇಲೆ ಎಲ್ಲಿಯೂ ಹೆಸರಿಲ್ಲ. ಇದು ಗಿಬ್ಸನ್ ಕಂಪನಿ ಬೇರೆಯವರಿಗಾಗಿ ತಯಾರಿಸಿದ್ದು ಎಂದು ಮಾರಿದವರು ಹೇಳಿದರಂತೆ. ನಿಜವೇ?

ಉತ್ತರ: ಬಹುಮಟ್ಟಿಗೆ ಅಲ್ಲ. ಕೇಳುವವರು ಬದಲಾಗುತ್ತಾರೆ, ಗಿಟಾರ್ ಬದಲಾಗುತ್ತದೆ, ಮಾರಿದವರು ಹೇಳಿದ ಕಥೆ ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಈ ಕಥೆ ಸಾಯದಿರಲು ಕಾರಣ ಅದರಲ್ಲಿ ಕಾಲುಭಾಗ ಸತ್ಯವಿರುವುದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮಿಶಿಗನ್‌ನ ಕಲಮಜೂ ಊರಿನ ಗಿಬ್ಸನ್ ಕಾರ್ಖಾನೆ, ಊರಿನ ಹೆಸರಿನಲ್ಲೇ ಅಗ್ಗದ ಗಿಟಾರ್‌ಗಳನ್ನು ಮಾರಿತು. ಮಾಂಟ್ಗೊಮರಿ ವಾರ್ಡ್ ಮಳಿಗೆಗಾಗಿ ರೆಕಾರ್ಡಿಂಗ್ ಕಿಂಗ್ ಹೆಸರಿನವನ್ನೂ ತಯಾರಿಸಿತು. ಆದರೆ ಅವುಗಳ ಹೆಸರು ಉಜ್ಜಿ ಅಳಿಸಿಹೋಗಿದ್ದರೂ, ಕುತ್ತಿಗೆ ಒಡಲನ್ನು ಸೇರುವಲ್ಲಿ ಒಳಗಿರುವ ಮರದ ತುಂಡಿನ ಮೇಲೆ ಸಾಮಾನ್ಯವಾಗಿ ಕಾರ್ಖಾನೆಯ ಆರ್ಡರ್ ಸಂಖ್ಯೆ ಇರುತ್ತದೆ. ಅದನ್ನು ನೋಡದೆಯೇ, ತಂತಿ ಬಿಗಿಯುವ ತುದಿಯ, ಅಂದರೆ ತಲೆಯ, ಆಕಾರ ಹೋಲುತ್ತದೆ ಎಂಬ ಒಂದೇ ಕಾರಣಕ್ಕೆ ಗಿಬ್ಸನ್ ಎನ್ನುವವರಿಗೆ ಏನು ಹೇಳುವುದು? ತಲೆಯ ಆಕಾರವನ್ನು ಯಾರು ಬೇಕಾದರೂ ಕತ್ತರಿಸಬಹುದು. ಇನ್ನು ಕೆಲವರು ತಲೆಯ ಮೇಲೆ ‘ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್’ ಎಂದು ಅಚ್ಚಾಗಿರುವುದನ್ನೇ ಸಾಕ್ಷಿಯಾಗಿ ತರುತ್ತಾರೆ. ಆದರೆ ಗಿಬ್ಸನ್‌ಗೆ 1923ರಲ್ಲಿ ಪೇಟೆಂಟ್ ದೊರೆತದ್ದು ಕುತ್ತಿಗೆಯೊಳಗಿನ, ತಿರುಗಿಸಿ ಸರಿಪಡಿಸಬಹುದಾದ ಲೋಹದ ಸರಳಿಗೆ. ಈ ಬರಹ ಹೇಳುವುದು ಕುತ್ತಿಗೆಯೊಳಗೆ ಉಕ್ಕಿನ ಬಲವರ್ಧನೆ ಇದೆ ಎಂದಷ್ಟೇ. ಅದು ಹಾರ್ಮನಿ ಕಂಪನಿಯ ಅಗ್ಗದ ಗಿಟಾರ್‌ಗಳ ಮೇಲೆ ಧಾರಾಳವಾಗಿ ಕಾಣಸಿಗುತ್ತದೆ, ಅಂದರೆ ಗಿಬ್ಸನ್ ಎಂದು ತೋರಿಸಲು ತಂದ ಸಾಕ್ಷಿಯೇ ಬೇರೆಡೆಗೆ ಬೆರಳು ತೋರಿಸುತ್ತಿದೆ.

ಹುಡುಕಬೇಕಾದ ಊರು ಶಿಕಾಗೊ. 1892ರಲ್ಲಿ ಆರಂಭವಾಗಿ 1975ರಲ್ಲಿ ಮುಚ್ಚಿದ ಹಾರ್ಮನಿ, ಜೊತೆಗೆ ಕೇ ಮತ್ತು ರೀಗಲ್, ಇವೆಲ್ಲ ಅಲ್ಲಿಯವೇ. ಬೀಡಿ ಕಟ್ಟುವವರು ಒಬ್ಬರು, ಲೇಬಲ್ ಅಂಟಿಸುವವರು ಇನ್ನೊಬ್ಬರು ಎನ್ನುವಂತೆ, ಈ ಕಾರ್ಖಾನೆಗಳ ಸರಕು ಸಿಯರ್ಸ್ ಮಳಿಗೆಯಲ್ಲಿ ಸಿಲ್ವರ್‌ಟೋನ್ ಆಗುತ್ತಿತ್ತು, ಮಾಂಟ್ಗೊಮರಿ ವಾರ್ಡ್‌ನಲ್ಲಿ ಏರ್‌ಲೈನ್ ಆಗುತ್ತಿತ್ತು. ಹೆಸರು ತೆಳುವಾದ ಅಚ್ಚು ಅಥವಾ ಅಂಟಿಸಿದ ಚಿತ್ರವಾಗಿದ್ದರೆ, ಯಾರೋ ಒಮ್ಮೆ ಪಾಲಿಶ್ ಮಾಡಿಸಿದರೆ ಸಾಕು, ಮಾಯ.

ನಿಮ್ಮ ಮಗ ತಂತಿಗಳನ್ನು ಸಡಿಲಿಸಿ, ಫೋನಿನ ಟಾರ್ಚ್ ಹಾಗೂ ಪುಟ್ಟ ಕನ್ನಡಿ ಹಿಡಿದು ಒಳಗೆ ನೋಡಲಿ. ಹಿಂಬದಿ ಹಲಗೆಯ ಒಳಮೈ ಮೇಲೆ ಅಂಕಿಗಳ ನಡುವೆ ‘ಎಚ್’ ಅಕ್ಷರವಿದ್ದರೆ ಅದು ಹಾರ್ಮನಿ. ‘ಎಚ್’ ನಂತರದ 165 ಅಥವಾ 1260 ಮುಂತಾದದ್ದು ಮಾದರಿಯ ಸಂಖ್ಯೆಯೇ ಹೊರತು ತಯಾರಾದ ವರ್ಷವಲ್ಲ. ವರ್ಷ ಬೇಕಾದರೆ ‘ಎಫ್’ ಅಥವಾ ‘ಎಸ್’ ಅಕ್ಷರದ ಜೊತೆಗಿನ ಎರಡಂಕಿಯ ಮಸುಕು ಮುದ್ರೆಯನ್ನು ಹುಡುಕಬೇಕು. ‘ಎಫ್-64’ ಎಂದರೆ 1964. ಮೇಲಿನ ಹಲಗೆಯ ಕೆಳಗೆ ಆಧಾರಪಟ್ಟಿಗಳು ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಇದ್ದರೆ, ಅಂಚಿನ ಬಿಳಿ ಗೆರೆ ಪ್ಲಾಸ್ಟಿಕ್ಕಲ್ಲದೆ ಬರಿಯ ಬಣ್ಣವಾಗಿದ್ದರೆ, ಬರ್ಚ್ ಮರದ ಮೇಲೆ ಬೇರೆ ಮರದ ನಾರಿನ ಗೆರೆಗಳನ್ನು ಬರೆದಿದ್ದರೆ, ಅದು ವಿದ್ಯಾರ್ಥಿಗಳಿಗೆಂದು ಮಾಡಿದ ಅಗ್ಗದ ಗಿಟಾರ್. ತಂತಿ ಬಿಗಿಯುವ ಕಿವಿಗಳನ್ನು ಹಿಡಿದಿರುವ ತಿರುಪುಗಳು (ಸ್ಕ್ರೂ) ನಕ್ಷತ್ರ ತಲೆಯವಾಗಿದ್ದು ಮೂಲದವೇ ಆಗಿದ್ದರೆ, ಆ ತಿರುಪಿಗೆ ಪೇಟೆಂಟ್ ಸಿಕ್ಕಿದ್ದು 1936ರಲ್ಲಿ ಎಂಬುದನ್ನು ಮರೆಯಬಾರದು, ಅಂದರೆ ಗಿಟಾರ್ ಅದಕ್ಕಿಂತ ತೀರಾ ಹಳೆಯದಿರಲಾರದು.

ಯಾರೂ ಕೇಳದ ಪ್ರಶ್ನೆಯೊಂದು ಇದಕ್ಕಿಂತ ಮುಖ್ಯ: ಹಿಂಬದಿ ಯಾವ ಮರದ್ದು? ಅಮೆರಿಕದ ಇನ್ನೊಂದು ಗಿಟಾರ್ ತಯಾರಕ ಮಾರ್ಟಿನ್ ಕಂಪನಿ ತನ್ನ ಹೆಸರಾಂತ ಡಿ-28 ಮಾದರಿಗೆ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿತ್ತು. 1969ರಲ್ಲಿ ಭಾರತದ ರೋಸ್‌ವುಡ್‌ಗೆ, ಅಂದರೆ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆಗೆ, ಹೊರಳಿತು. ಬ್ರೆಜಿಲ್‌ನ ಮರ 1992ರಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಬೀಟೆಯಿಂದ ಮಾಡಿದ ಸಿದ್ಧ ವಾದ್ಯಗಳಿಗೆ 2019ರಲ್ಲಿ ಆ ಒಪ್ಪಂದದಡಿ ವಿನಾಯಿತಿ ದೊರೆಯಿತು. ಮಗ ಗಿಟಾರನ್ನು ಊರಿಗೆ ತರುವ ಯೋಚನೆಯಲ್ಲಿದ್ದರೆ, ಹಿಂಬದಿ ಬ್ರೆಜಿಲ್‌ನ ರೋಸ್‌ವುಡ್ ಎಂಬ ಅನುಮಾನ ಬಂದ ಕೂಡಲೇ ಟಿಕೆಟ್ ಕಾಯ್ದಿರಿಸುವ ಮೊದಲು ಅನುಮತಿಪತ್ರದ ವಿಚಾರವನ್ನು ಅಲ್ಲಿಯ ಅಧಿಕಾರಿಗಳಲ್ಲಿ ಕೇಳಿ ತಿಳಿದುಕೊಳ್ಳಲಿ.