ದಿನಾ ಕಾಣುವ ಗುಬ್ಬಿಯನ್ನೂ ಬರೆಯಬೇಕೆ?

ಓದುಗರ ಪ್ರಶ್ನೆ: ನಮೀಬಿಯಾಕ್ಕೆ ಹೋದಾಗ ಅಲ್ಲಿನ ಹಕ್ಕಿ ಅಟ್ಲಾಸ್‌ಗೆ, ಅಂದರೆ ಯಾವ ಹಕ್ಕಿ ಎಲ್ಲಿದೆ ಎಂದು ತೋರಿಸುವ ನಕ್ಷೆಗೆ, ಮಾಹಿತಿ ಕೊಡುವ ಆಸೆಯಿದೆ. ಮರುಭೂಮಿಯಲ್ಲಿ ಸಿಗುವುದೇ ನಾಲ್ಕು ಹಕ್ಕಿ. ಗುಬ್ಬಿ, ಕಾಗೆ ಬರೆದು ಏನು ಪ್ರಯೋಜನ? ಅಪರೂಪದ್ದು ಕಂಡಾಗ ಮಾತ್ರ ದಾಖಲಿಸಿದರೆ ಸಾಲದೆ?

ಸಾಲದು. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಆದ್ದರಿಂದ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲು ಕ್ರಮ. 2007ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಶುರುವಾದ ಎರಡನೇ ಹಕ್ಕಿ ಅಟ್ಲಾಸ್‌ನ ಪದ್ಧತಿಯೇ ನಮೀಬಿಯಾದಲ್ಲೂ ನಡೆಯುತ್ತದೆ. ನೆಲವನ್ನು ಅಕ್ಷಾಂಶ, ರೇಖಾಂಶಗಳ ಐದೈದು ನಿಮಿಷದ ಚೌಕಗಳಾಗಿ ಹಂಚಿದ್ದಾರೆ. ಒಂದೊಂದು ಚೌಕವೂ ಒಂದು ಪೆಂಟಾಡ್. ನಮೀಬಿಯಾದ ಕರಾವಳಿ ಊರು ವಾಲ್ವಿಸ್ ಬೇ ಕಡೆ ಅದು ಸುಮಾರು 9 ಕಿ.ಮೀ. ಉದ್ದ, 8.5 ಕಿ.ಮೀ. ಅಗಲ. ಕನಿಷ್ಠ ಎರಡು ಗಂಟೆ ಬೇರೆ ಕೆಲಸ ಬಿಟ್ಟು ಹಕ್ಕಿ ಹುಡುಕಬೇಕು. ಒಣ ಹೊಳೆಯ ಪಾತ್ರ, ಜಲ್ಲಿ ಬಯಲು, ದಿಬ್ಬ, ನೀರಿನ ತೊಟ್ಟಿ, ಹೀಗೆ ಚೌಕದೊಳಗಿನ ಎಲ್ಲ ಬಗೆಯ ಜಾಗಕ್ಕೂ ಕಾಲಿಡಬೇಕು. ಕಂಡ, ಕೇಳಿದ ಪ್ರಭೇದಗಳನ್ನು ಮೊದಲು ಸಿಕ್ಕ ಕ್ರಮದಲ್ಲೇ ಬರೆಯಬೇಕು. ಎಷ್ಟು ಹಕ್ಕಿ ಎಂಬ ಎಣಿಕೆ ಬೇಡ. ಮೊದಲ ದಿನವೂ ಸೇರಿ ಐದು ದಿನದೊಳಗೆ ಅದೇ ಚೌಕದಲ್ಲಿ ಹೊಸದೇನಾದರೂ ಸಿಕ್ಕರೆ ಸೇರಿಸಬಹುದು. ನಸುಕಿನಲ್ಲೇ ಹೊರಡಿ, ಬಿಸಿಲೇರಿದ ಮೇಲೆ ಹಕ್ಕಿಗಳು ನೆರಳು ಸೇರಿ ಸುಮ್ಮನಾಗುತ್ತವೆ.

ಈಗ ಗುಬ್ಬಿಗೆ ಬರೋಣ. ಒಂದು ಪೆಂಟಾಡ್‌ಗೆ 20 ಪಟ್ಟಿ ಬಂದಿವೆ, 18ರಲ್ಲಿ ಕೇಪ್ ಗುಬ್ಬಿ ಇದೆ ಎಂದುಕೊಳ್ಳಿ. ವರದಿ ಪ್ರಮಾಣ, ಅಂದರೆ ಒಟ್ಟು ಪಟ್ಟಿಗಳಲ್ಲಿ ಆ ಹಕ್ಕಿ ಇರುವವುಗಳ ಪಾಲು, ಶೇ. 90. ಕೆಲವು ವರ್ಷದ ಮೇಲೆ ಬಂದ 20 ಪಟ್ಟಿಗಳಲ್ಲಿ 9ರಲ್ಲಿ ಮಾತ್ರ ಇದ್ದರೆ ಶೇ. 45. ಗುಬ್ಬಿ ಕಡಿಮೆಯಾಗಿದೆ ಎಂದು ಹೇಳಲು ಇರುವ ಆಧಾರ ಇದೇ. ಆದರೆ ಅರ್ಧ ಜನ "ಗುಬ್ಬಿ ತಾನೆ" ಎಂದು ಬಿಟ್ಟರೂ ಶೇ. 45 ಬರುತ್ತದೆ. ಹಕ್ಕಿ ಹೋಯಿತೋ, ಬರೆಯುವವರ ಆಸಕ್ತಿ ಹೋಯಿತೋ ಎಂದು ಆ ಅಂಕಿ ನೋಡಿ ಯಾರಿಗೂ ಹೇಳಲಾಗದು. ಅಪರೂಪದ ಹಕ್ಕಿಗೂ ಇದರಿಂದ ನಷ್ಟವೇ: ಪೂರ್ತಿ ಪಟ್ಟಿ ಇದ್ದರೆ ಮಾತ್ರ ಅದು "ಕಾಣಲಿಲ್ಲ" ಎಂಬುದಕ್ಕೂ ಬೆಲೆ. ನಮ್ಮಲ್ಲಿ ಹಕ್ಕಿ ದಾಖಲಿಸಲು ಈ-ಬರ್ಡ್ ಆಪ್ ಬಳಸುವವರಿಗೆ ಇದು ಗೊತ್ತಿರಬೇಕು. ಗುರುತಿಸಿದ್ದನ್ನೆಲ್ಲ ಪಟ್ಟಿ ಮಾಡಿದ್ದೀರಾ ಎಂದು ಆ ಆಪ್ ಪ್ರತಿ ಸಲ ಕೇಳುವುದು ಸುಮ್ಮನೆ ಅಲ್ಲ.

ಮರುಭೂಮಿಯಲ್ಲಿ ಇದು ಇನ್ನೂ ಮುಖ್ಯ. ಮಳೆ ಬಿದ್ದ ಕಡೆಗೆ ಲಾರ್ಕ್-ಲೈಕ್ ಬಂಟಿಂಗ್ ಎಂಬ ಪುಟ್ಟ ಹಕ್ಕಿಗಳು ಹಿಂಡುಹಿಂಡಾಗಿ ಬರುತ್ತವೆ, ಹುಲ್ಲುಬೀಜ ಮುಗಿದರೆ ಜಾಗ ಖಾಲಿ ಮಾಡುತ್ತವೆ. ಮಳೆ ಸುದ್ದಿ ಕೇಳಿ ಓಡುವವರ ಪಟ್ಟಿ ಮಾತ್ರ ಇದ್ದರೆ, ಅಲ್ಲಿ ಅವು ಸದಾ ಇರುತ್ತವೆಂದು ನಕ್ಷೆ ಹೇಳುತ್ತದೆ. ಬರಗಾಲದಲ್ಲಿ ಎರಡು ಗಂಟೆ ನಡೆದು ಆರೇಳು ಹಕ್ಕಿ ಬರೆದ ಪಟ್ಟಿ ಆ ತಪ್ಪನ್ನು ತಿದ್ದುತ್ತದೆ. ಪಟ್ಟಿ ಚಿಕ್ಕದಾಯಿತೆಂದು ಪಕ್ಕದ ಚೌಕದ ಹಕ್ಕಿಯನ್ನು ತಂದು ತುಂಬಿಸಬೇಡಿ. ಪಟ್ಟಿ ಬರೆಯಲು ಬಳಸುವ ಬರ್ಡ್‌ಲ್ಯಾಸರ್ ಆಪ್‌ನಲ್ಲಿ ನೀವು ಯಾವ ಪೆಂಟಾಡ್‌ನಲ್ಲಿದ್ದೀರಿ ಎಂಬುದು ಕಾಣುತ್ತದೆ, ಗಡಿ ದಾಟಿದರೆ ಹೊಸ ಪಟ್ಟಿ ತೆರೆಯಿರಿ. ಲಾರ್ಕ್‌ಗಳು ನೋಡಲು ಒಂದೇ ಥರದ ಪುಟ್ಟ ನೆಲಹಕ್ಕಿಗಳು; ಖಚಿತವಿಲ್ಲದ ಲಾರ್ಕ್ ಅನ್ನು ಊಹಿಸಿ ಬರೆಯುವುದಕ್ಕಿಂತ ಬಿಡುವುದು ಲೇಸು. ಕೆಂಪು ಮರಳುದಿಬ್ಬದಲ್ಲಿ ಡ್ಯೂನ್ ಲಾರ್ಕ್, ಮಾಸಲು ಜಲ್ಲಿ ಬಯಲಲ್ಲಿ ಗ್ರೇಸ್ ಲಾರ್ಕ್ ಎಂಬುದು ನೆನಪಿದ್ದರೆ ಅರ್ಧ ಗೊಂದಲ ಕಳೆಯುತ್ತದೆ.

ಜಲ್ಲಿ ಬಯಲು ಎಂದಾಗ, ಯಾರೂ ಕೇಳದಿದ್ದರೂ ಹೇಳಲೇಬೇಕಾದ್ದು: ಅಲ್ಲಿ ಗಾಡಿಯನ್ನು ದಾರಿಯಿಂದ ಕೆಳಗಿಳಿಸಬೇಡಿ. ಚಕ್ರದ ಗುರುತು ದಶಕಗಟ್ಟಲೆ ಅಳಿಯದು, ಚಕ್ರದಡಿ ಸಿಕ್ಕ ಕಲ್ಲುಹೂವು ಬೇಗ ಚಿಗುರದು. ಕರಾವಳಿಯ ಬಯಲಲ್ಲಿ ಡಮಾರಾ ಟರ್ನ್ ಎಂಬ ಪುಟ್ಟ ಕಡಲಹಕ್ಕಿ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಗಾಡಿಯಲ್ಲಿ ಕೂತವರಿಗೆ ಅದು ಕಲ್ಲಿನಿಂದ ಬೇರೆಯಾಗಿ ಕಾಣುವುದಿಲ್ಲ.

ಇನ್ನೊಂದು ಮಾತು: ಖಡ್ಗಮೃಗ ಕಂಡರೆ ಜಾಗದ ಮಾಹಿತಿ ಇರುವ ಫೋಟೋವನ್ನು ಗುಂಪುಗಳಿಗೆ ಕಳಿಸಬೇಡಿ, ಕಳ್ಳಬೇಟೆಗಾರರಿಗೆ ದಾರಿ ತೋರಿಸಿದಂತಾಗುತ್ತದೆ. ಜೀವಿಗಳನ್ನು ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್ ಅಪಾಯದಲ್ಲಿರುವ ಪ್ರಭೇದಗಳ ಜಾಗವನ್ನು 0.2 ಡಿಗ್ರಿ ಚೌಕದೊಳಗೆ ಮಸುಕು ಮಾಡುತ್ತದೆ, ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದ ಫೋಟೋದಲ್ಲಿ ಜಾಗದ ಮಾಹಿತಿ ಹಾಗೇ ಉಳಿಯುತ್ತದೆ. ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ. ನೀರಿನ ಗುಂಡಿಯ ಹೆಸರು, ಗುರುತು ಸಿಗುವ ಬೆಟ್ಟ ಫೋಟೋದಲ್ಲಿದ್ದರೆ ಕತ್ತರಿಸಿ.