ಬೇರು ಬಲಿಯುವ ಮುನ್ನ

ಎಂಟು ವರ್ಷದ ಮಗು ಬಿದ್ದು ಮುಂದಿನ ಹಲ್ಲು ಮುರಿದುಕೊಂಡರೆ ‘ಬಿಡಿ, ಹೊಸದು ಬರುತ್ತೆ’ ಎನ್ನುವವರು ಇಂದಿಗೂ ಇದ್ದಾರೆ. ಬರುವುದಿಲ್ಲ. ಅದು ಹಾಲುಹಲ್ಲು ಬಿದ್ದ ಮೇಲೆ ಏಳರ ಆಸುಪಾಸಿನಲ್ಲಿ ಹುಟ್ಟಿದ್ದು, ಆಯುಷ್ಯಪೂರ್ತಿ ಅದೇ.

ಆದರೆ ಈ ವಯಸ್ಸಿನ ಹಲ್ಲಿಗೆ ಒಂದು ಅನುಕೂಲವಿದೆ. ಹಲ್ಲು ಬಾಯಲ್ಲಿ ಕಾಣಿಸಿಕೊಂಡ ಮೇಲೂ ಬೇರು ಪೂರ್ತಿಯಾಗಲು ಸುಮಾರು 3 ವರ್ಷ ಬೇಕು. ಅಲ್ಲಿಯವರೆಗೆ ಬೇರಿನ ಗೋಡೆ ತೆಳು, ತುದಿ ಬಾಯ್ದೆರೆದಿರುತ್ತದೆ. ಹಲ್ಲಿನೊಳಗೆ ನರ, ರಕ್ತನಾಳ ಇರುವ ಮೆತ್ತನೆಯ ತಿರುಳು ಸತ್ತರೆ ಗೋಡೆ ಕಟ್ಟುವ ಕೋಶಗಳೂ ಸತ್ತು ಕಟ್ಟಡ ಅರ್ಧಕ್ಕೇ ನಿಲ್ಲುತ್ತದೆ. ಮಾಮೂಲಿ ರೂಟ್ ಕೆನಾಲ್ ಇಲ್ಲಿ ತಳವಿಲ್ಲದ ಕೊಡ ತುಂಬಿಸುವ ಕೆಲಸ. ತಿಂಗಳುಗಟ್ಟಲೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಔಷಧಿ ಇಟ್ಟರೆ ತುದಿಯೇನೋ ಮುಚ್ಚುತ್ತದೆ. ಗೋಡೆ ಪೆಡಸಾಗಿ ವಸಡಿನ ಹತ್ತಿರ ಮುರಿಯುವ ಭಯ ಉಳಿಯುತ್ತದೆ.

ತೆರೆದ ತುದಿಯನ್ನೇ ಬಾಗಿಲು ಮಾಡಿಕೊಂಡರೆ? ಬೇರಿನ ಕಾಲುವೆಗೆ ರಕ್ತ ತುಂಬಿಸಿ ನೋಡುವ ಪ್ರಯೋಗವನ್ನು ನಾರ್ವೆಯ ದಂತವೈದ್ಯ ನೀಗಾರ್ಡ್ ಓಸ್ಟ್‌ಬಿ 1961ರಲ್ಲೇ ಪ್ರಕಟಿಸಿದ್ದರು. ಇಂದಿನ ಕ್ರಮದಲ್ಲಿ ಮೊದಲ ದಿನ ಗೋಡೆಯನ್ನು ಕೆರೆಯುವುದಿಲ್ಲ. ಕ್ರಿಮಿ ಕೊಲ್ಲುವ 1.5% ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ 20 ಮಿಲೀ ಅನ್ನು 5 ನಿಮಿಷ ನಿಧಾನವಾಗಿ ಹರಿಸಿ ತೊಳೆಯುತ್ತಾರೆ. ಇನ್ನೂ ಗಾಢವಾದರೆ ತುದಿಯ ಆಚೆ ಕಾದಿರುವ, ಹೊಸ ಅಂಗಾಂಶ ಕಟ್ಟಬಲ್ಲ ಕಾಂಡಕೋಶಗಳೇ ಸಾಯುತ್ತವೆ. ಔಷಧಿ ಇಟ್ಟು 1ರಿಂದ 4 ವಾರ ಬಿಡುತ್ತಾರೆ. ಮಿನೊಸೈಕ್ಲಿನ್ ಎಂಬ ಪ್ರತಿಜೀವಕ ಇರುವ ಲೇಪವಾದರೆ ಹಲ್ಲು ಕಪ್ಪಾಗಬಹುದು.

ಕೀವು, ನೋವು ನಿಂತ ಮೇಲೆ ಎರಡನೆಯ ಭೇಟಿ. ಅರಿವಳಿಕೆಯಲ್ಲಿ ಅಡ್ರಿನಾಲಿನ್ ಇರಬಾರದು. ಇದ್ದರೆ ರಕ್ತನಾಳ ಮುದುಡಿ ರಕ್ತವೇ ಬಾರದು. 17% ಇಡಿಟಿಎ ಎಂಬ ರಾಸಾಯನಿಕದ ತೊಳೆತ ಗೋಡೆಯೊಳಗೆ ಹುದುಗಿದ ಬೆಳವಣಿಗೆಯ ಪ್ರೋಟೀನುಗಳನ್ನು ಬಿಡಿಸುತ್ತದೆ. ಬಾಗಿಸಿದ, ಸೂಜಿಯಂಥ ಫೈಲನ್ನು ತುದಿಯಿಂದ 2 ಮಿಮೀ ಆಚೆಗೆ ಚುಚ್ಚಿದರೆ ರಕ್ತ ಮೇಲೇರಿ ಹೆಪ್ಪುಗಟ್ಟುತ್ತದೆ. ಬಳ್ಳಿಗೆ ಚಪ್ಪರ ಹೇಗೋ ಕೋಶಗಳಿಗೆ ಈ ಹೆಪ್ಪು ಹಾಗೆ. ಹಬ್ಬಲು ಆಸರೆ, ಉಣ್ಣಲು ಆಹಾರ ಎರಡೂ ಅದೇ. ಮೇಲೆ 3-4 ಮಿಮೀ ಎಂಟಿಎ ಎಂಬ ದಂತ ಸಿಮೆಂಟಿನ ಮುಚ್ಚಳ. ಆದರೆ ಒಳಗೆ ಬೆಳೆಯುವುದು ಹೆಚ್ಚಾಗಿ ಮೂಳೆಯಂಥ ಅಂಗಾಂಶ, ಅಪ್ಪಟ ತಿರುಳಲ್ಲ. ‘ಹಲ್ಲಿಗೆ ಜೀವ ಬಂತು’ ಎಂಬ ಜಾಹೀರಾತು ನಂಬಬೇಡಿ.

ಹಲ್ಲೇ ಕಳೆದುಹೋಗಿದ್ದರೆ? ಬೆಳೆಯುವ ದವಡೆಗೆ ಇಂಪ್ಲಾಂಟ್, ಅಂದರೆ ಮೂಳೆಯಲ್ಲಿ ಕೂರಿಸುವ ಕೃತಕ ಬೇರು, ಒಗ್ಗದು. ಅಕ್ಕಪಕ್ಕದ ಹಲ್ಲುಗಳು ದವಡೆಯೊಂದಿಗೆ ಸರಿಯುತ್ತವೆ, ಅದು ಹೊಡೆದ ಮೊಳೆಯಂತೆ ನಿಂತಲ್ಲೇ ನಿಲ್ಲುತ್ತದೆ. ಹಲ್ಲು ಒತ್ತೊತ್ತಾದ ಮಗುವಿಗೆ ಹೇಗಿದ್ದರೂ ಕೀಳಬೇಕಾದ ಕಿರುದವಡೆ ಹಲ್ಲನ್ನೇ ಅಲ್ಲಿ ನೆಡಬಹುದು. (ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಂಬ ಹೆದರಿಕೆ ಬೇಡ; ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ.)

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಬಡ ಮಕ್ಕಳ ಹಲ್ಲು ಕೊಂಡು ಸಿರಿವಂತರ ಬಾಯಲ್ಲಿ ನೆಡುತ್ತಿದ್ದರು. ಅಲ್ಲಿನ ಶಸ್ತ್ರವೈದ್ಯ ಜಾನ್ ಹಂಟರ್ ಹುಂಜದ ಜುಟ್ಟಿನಲ್ಲೂ ಮನುಷ್ಯನ ಹಲ್ಲು ನೆಟ್ಟು ನೋಡಿದ. ಪರರ ಹಲ್ಲನ್ನು ಮೈ ಒಪ್ಪಲಿಲ್ಲ. ಕೆಲವರಿಗೆ ಹಲ್ಲಿನೊಂದಿಗೆ ರೋಗವೂ ಅಂಟಿತು.

ಸ್ವಂತ ಹಲ್ಲಿಗೂ ಭತ್ತದ ನಾಟಿಯಂತೆ ಹದ ಬೇಕು: ಎಳೆಯ ಸಸಿ ನಿಲ್ಲದು, ಬಲಿತದ್ದು ತೆಂಡೆಯೊಡೆಯದು. ಬೇರು ಮೂರರಲ್ಲಿ ಎರಡು ಪಾಲಿನಿಂದ ನಾಲ್ಕರಲ್ಲಿ ಮೂರು ಪಾಲಿನವರೆಗೆ ಬೆಳೆದಾಗ, ತುದಿ ತೆರೆದಿರುವಾಗ, ರಕ್ತನಾಳ ತಾನಾಗಿ ಒಳಹೊಗುತ್ತದೆ. ಬೇರಿನ ಮೈಗಂಟಿದ ತಂತುಪೊರೆ ಒಣಗಬಾರದು, ಉಜ್ಜಬಾರದು. ಆದ್ದರಿಂದ ಸ್ಕ್ಯಾನ್ ನೋಡಿ ಮುದ್ರಿಸಿದ ಅಚ್ಚಿನ ಹಲ್ಲಿನಿಂದಲೇ ಗುಳಿಯ ಅಳತೆ ಸರಿಮಾಡಿಕೊಂಡು, ನಿಜವಾದ ಹಲ್ಲನ್ನು ಕೊನೆಗೆ ಕಿತ್ತು ತಕ್ಷಣ ಇಡುತ್ತಾರೆ. ಹೊಲಿಗೆಯ ದಾರವನ್ನು ಹಲ್ಲಿನ ಮೇಲೆ ಅಡ್ಡಹಾಯಿಸಿ 7ರಿಂದ 14 ದಿನ ಹಿಡಿದಿಟ್ಟರೆ ಸಾಕು. ಗಟ್ಟಿಯಾಗಿ ಬಿಗಿದರೆ ಮೂಳೆಗೆ ಬೆಸೆದುಕೊಳ್ಳುತ್ತದೆ.

ಮರುಭೇಟಿಯಲ್ಲಿ ವೈದ್ಯರು ಕನ್ನಡಿಯ ಹಿಡಿಯಿಂದ ಹಲ್ಲು ತಟ್ಟಿ ಕಿವಿಗೊಡುತ್ತಾರೆ. ಮಂದವಾದ ಸದ್ದು ಬಂದರೆ ತಂತುಪೊರೆ ಬದುಕಿದೆ. ಲೋಹ ಬಡಿದಂತೆ ಟಣ್ ಎಂದರೆ ಬೇರು ಮೂಳೆಗೆ ಅಂಟಿದೆ, ಮೂಳೆ ಅದನ್ನು ಮೆಲ್ಲಗೆ ತಿನ್ನತೊಡಗಿದೆ.